ಮನ್ನಾ ಆದ ಸಾಲದ ಋಣ

ಸರ್ಕಾರಿ ಸೇವೆಯಲ್ಲಿ ಕಳೆದ ಮೂರು ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ ನಾನು ಸಹಿ ಹಾಕಿದ ಕಾಗದಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಇಂದು ಯಾವುದೋ ದಾಖಲೆ ಕೊಠಡಿಯ ಗಂಟುಗಳಲ್ಲಿ ಧೂಳು ತಿನ್ನುತ್ತಿರಬಹುದು. ಅವುಗಳ ನೆನಪೂ ನನಗಿಲ್ಲ. ಆದರೆ ಒಂದು ಕಾಗದ ಮಾತ್ರ ನನ್ನನ್ನು ಬಿಟ್ಟಿಲ್ಲ. ಅರ್ಧ ಹಾಳೆಯಷ್ಟೇ ಇದ್ದ ಆ ಕಾಗದದ ಹೆಸರು ಬಿಡುಗಡೆ ಪತ್ರ. ಜೀತಕ್ಕಿದ್ದ ಒಬ್ಬ ಮನುಷ್ಯ ಇನ್ನು ಮುಂದೆ ಯಾರ ಆಳೂ ಅಲ್ಲ, ಅವನ ತಲೆಯ ಮೇಲಿದ್ದ ಸಾಲ ಕಾನೂನಿನ ಪ್ರಕಾರ ಅಳಿದುಹೋಗಿದೆ ಎಂದು ಸಾರುವ ಪತ್ರ ಅದು.

ಹುಟ್ಟಿನಿಂದ ನಾನು ಕ್ರೈಸ್ತ. ದೇವರ ಪ್ರೀತಿ, ಪಾಪವಿಮೋಚನೆ, ಆತ್ಮದ ಬಿಡುಗಡೆ ಎಂಬ ಮಾತುಗಳನ್ನು ಭಾನುವಾರದ ಆರಾಧನೆಯಲ್ಲಿ ಕೇಳುತ್ತಲೇ ಬೆಳೆದವನು. ಆದರೆ ಆ ಮಾತುಗಳ ಅರ್ಥ ನನಗೆ ಹೊಳೆದದ್ದು ಚರ್ಚಿನ ಬೆಂಚಿನ ಮೇಲಲ್ಲ; ಈ ಅರ್ಧ ಹಾಳೆಯ ನಿಮಿತ್ತದಿಂದ. ನಂಬಿಕೆಯ ವಿಚಾರವನ್ನು ಪತ್ರಿಕೆಯ ಪುಟದಲ್ಲಿ ಬರೆಯುವಾಗ ಎರಡು ಅಪಾಯಗಳಿರುತ್ತವೆ. ಒಂದು, ಅದು ಪ್ರಚಾರವಾಗಿಬಿಡುವುದು. ಇನ್ನೊಂದು, ಯಾರಿಗೂ ನೋವಾಗದಂತೆ ಬರೆಯಹೋಗಿ ಏನನ್ನೂ ಹೇಳದೆ ಮುಗಿಸುವುದು. ಎರಡನ್ನೂ ತಪ್ಪಿಸಬೇಕಾದರೆ ನನ್ನದೇ ತಪ್ಪಿನಿಂದ ಆರಂಭಿಸುವುದು ಕ್ಷೇಮ.

ಭಾರತದಲ್ಲಿ ಜೀತಪದ್ಧತಿ ರದ್ದಾದದ್ದು 1975ರ ಅಕ್ಟೋಬರ್ 25ರಿಂದ. ಮೊದಲು ಸುಗ್ರೀವಾಜ್ಞೆಯಾಗಿ ಬಂದದ್ದು 1976ರಲ್ಲಿ ಕಾಯ್ದೆಯ ರೂಪ ಪಡೆಯಿತು. ಆ ಕಾಯ್ದೆಯಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ದೂರು ಹೇಳುವವನೇ ಸಾಕ್ಷ್ಯ ಒದಗಿಸಬೇಕು. ಇಲ್ಲಿ ಹಾಗಲ್ಲ. ತನ್ನದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನ ಮೇಲಿರುತ್ತದೆ. ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ 1983ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಬಡವನ ಬಳಿ ಕಾಗದಪತ್ರ ಕೇಳುತ್ತ ಕುಳಿತರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ ಎಂಬುದು ಆ ತೀರ್ಪಿನ ಇಂಗಿತ. ಉಪವಿಭಾಗಾಧಿಕಾರಿಯಾಗಿದ್ದ ನಾನು ಕಾಯ್ದೆಯನ್ನೂ ಓದಿದ್ದೆ, ತೀರ್ಪನ್ನೂ ಓದಿದ್ದೆ.

ಆದರೂ 1988ರಲ್ಲಿ ದಕ್ಷಿಣ ಕರ್ನಾಟಕದ ಒಂದು ಹಳ್ಳಿಯಿಂದ ಬಂದ ಕಡತವನ್ನು ನಾನು ಹಿಂದಿರುಗಿಸಿದೆ. ತಂದೆ ಮದುವೆಯೊಂದಕ್ಕೆ ಪಡೆದಿದ್ದ 800 ರೂಪಾಯಿ ಸಾಲಕ್ಕೆ ಮಗ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದ. ‘ಸಾಲದ ಬಗ್ಗೆ ದಾಖಲೆ ಲಗತ್ತಿಸಿಲ್ಲ, ಪರಿಶೀಲಿಸಿ ಮರುಸಲ್ಲಿಸುವುದು’ ಎಂದು ಷರಾ ಬರೆದೆ. ಯಾರ ಒತ್ತಡವೂ ಇರಲಿಲ್ಲ, ಲಂಚದ ಮಾತಂತೂ ಇಲ್ಲವೇ ಇಲ್ಲ. ವರ್ಷದ ಕೊನೆಯ ಗಡಿಬಿಡಿಯಲ್ಲಿ ಮೇಜಿನ ಮೇಲಿನ ಹೊರೆ ಕಡಿಮೆಯಾದರೆ ಸಾಕೆಂಬ ಆತುರವಷ್ಟೇ. ಕಡತ ಕೆಳಗಿಳಿಯಿತು, ಅಲ್ಲಿ ಯಾರ ಮೇಜಿನ ಮೇಲೋ ಮಲಗಿತು. ಮತ್ತೆ ನನ್ನ ಮುಂದೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಆಗ ಸಹಿ ಹಾಕಿದೆ. ಆತ ನನ್ನ ಕೊಠಡಿಗೆ ಬಂದು ಎರಡೂ ಕೈಯೊಡ್ಡಿ ಬಿಡುಗಡೆ ಪತ್ರವನ್ನು ಪಡೆದುಕೊಂಡ.

ಆ ಹದಿನಾಲ್ಕು ತಿಂಗಳ ಬೆಲೆ ಏನೆಂಬುದು ನನಗೆ ತಿಳಿದದ್ದು ಕೆಲವು ವಾರಗಳ ನಂತರ, ಪುನರ್ವಸತಿಯ ಪರಿಶೀಲನೆಗೆಂದು ಆ ಹಳ್ಳಿಗೆ ಹೋದಾಗ. ಆಗ ಸರ್ಕಾರ ನೀಡುತ್ತಿದ್ದ ಗರಿಷ್ಠ ನೆರವು 6,250 ರೂಪಾಯಿ. ಅದರಲ್ಲಿ ಒಂದು ಎಮ್ಮೆ ಬಂದಿತ್ತು. ಗುಡಿಸಲಿನ ಮುಂದೆ ನಿಂತಿದ್ದ ಹುಡುಗನನ್ನು ಯಾವ ತರಗತಿ ಎಂದು ಕೇಳಿದೆ. ಅವನು ಉತ್ತರಿಸಲಿಲ್ಲ. ಹಿಂದಿನ ವರ್ಷ ಒಡೆಯರ ದನ ಕಾಯಲು ಅವನನ್ನೂ ಕಳುಹಿಸಬೇಕಾಯಿತೆಂದೂ, ಅಂದಿನಿಂದ ಶಾಲೆ ಬಿಟ್ಟವನು ಮತ್ತೆ ಹೋಗಲು ಒಪ್ಪುತ್ತಿಲ್ಲವೆಂದೂ ತಂದೆ ಹೇಳಿದ. ಆ ಮಾತಿನಲ್ಲಿ ದೂರು ಇರಲಿಲ್ಲ. ತಡವಾದದ್ದು ಯಾರಿಂದ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ನಾನು ಹೇಳಿದೆ. ಜೊತೆಗಿದ್ದ ಸಿಬ್ಬಂದಿ ದೂರ ಹೋಗುವವರೆಗೆ ಕಾದು ಹೇಳಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆತ ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತಿದ್ದು, ‘ಆಗಿದ್ದು ಆಗೋಯ್ತು ಬುದ್ಧಿ, ಅದನ್ನ ನೀವು ಹೊತ್ಕಂಡು ತಿರುಗ್ಬ್ಯಾಡಿ’ ಎಂದ. ಅನಂತರ, ‘ಪಕ್ಕದ ಊರಲ್ಲಿ ನಮ್ಮಂಗೇ ಇನ್ನಿಬ್ಬರವ್ರೆ. ಅವರ ಕಾಗ್ದ ಬಿರ್ರನೆ ಮಾಡ್ಕೊಡಿ’ ಎಂದ. ಇಷ್ಟೇ ಅವನು ಹೇಳಿದ್ದು. ಆತ ಕ್ರೈಸ್ತನಲ್ಲ, ಅವನ ದೇವರು ಬೆಟ್ಟದ ಮಾದಪ್ಪ. ಆದರೆ ನನ್ನ ಧರ್ಮಗ್ರಂಥದ ನಡುಗಂಬದಂತಿರುವ ಮಾತನ್ನು ಅಷ್ಟು ಚಿಕ್ಕದಾಗಿ, ಅಷ್ಟು ಪೂರ್ಣವಾಗಿ ನನಗೆ ಹೇಳಿದವರು ಬೇರೆ ಯಾರೂ ಇಲ್ಲ.

ಅದು ಹೇಗೆಂದು ವಿವರಿಸಲು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಲೆಕ್ಕದ ದಾರಿಯೇ ಸುಲಭ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹೇಳುವ ಒಂದು ಸಾಮ್ಯವಿದೆ. ಒಬ್ಬ ಸೇವಕ ತನ್ನ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿರುತ್ತದೆ. ತೀರಿಸಲಾಗದೆ ಕಾಲಿಗೆ ಬಿದ್ದಾಗ ಅರಸ ಕನಿಕರಪಟ್ಟು ಪೂರ್ತಿ ಸಾಲವನ್ನು ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆ ಸೇವಕ, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸುತ್ತಾನೆ. ಸುದ್ದಿ ತಿಳಿದ ಅರಸ ಮನ್ನಾ ಆದೇಶವನ್ನೇ ರದ್ದುಪಡಿಸುತ್ತಾನೆ.

ದಿನಾರಿ ಎಂದರೆ ಆ ಕಾಲದ ಒಬ್ಬ ಕೂಲಿಯ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಕೇಳುಗರು ನಗಲೆಂದೇ ಹೇಳಿದ ಮೊತ್ತ ಅದು. ಇನ್ನು ನೂರು ದಿನಾರಿ ಎಂದರೆ ಮೂರು ತಿಂಗಳ ದುಡಿಮೆ. ಅದು ನಗುವ ಮೊತ್ತವಲ್ಲ, ಬಡವನಿಗೆ ನಿಜವಾದ ಭಾರವೇ. ಸಾಮ್ಯದ ಕುಶಲತೆ ಇರುವುದು ಇಲ್ಲಿ. ನಮಗೆ ಇತರರಿಂದ ಆದ ಅನ್ಯಾಯ ಸುಳ್ಳೆಂದು ಯೇಸು ಹೇಳುವುದಿಲ್ಲ. ಅದು ನೂರು ದಿನಾರಿಯಷ್ಟು ನಿಜ. ಆದರೆ ನಿನ್ನ ಖಾತೆಯಲ್ಲಿ ಅಳಿಸಿಹೋದದ್ದು ಎಷ್ಟೆಂದು ಒಮ್ಮೆ ತಿರುಗಿ ನೋಡು ಎಂಬುದು ಅಲ್ಲಿನ ಸೂಚನೆ.

ಕ್ರೈಸ್ತ ಧರ್ಮ ಪಾಪದ ಬಗ್ಗೆ ಮಾತನಾಡುವಾಗ ಸಾಲದ ಭಾಷೆಯನ್ನು ಬಳಸುವುದು ಆಕಸ್ಮಿಕವಲ್ಲ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಅವನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕನ್ನಡದಲ್ಲಿ ತಪ್ಪುಗಳ ಕ್ಷಮೆ ಬೇಡುವ ಕಡೆ, ಮತ್ತಾಯನ ಗ್ರೀಕ್ ಮೂಲದಲ್ಲಿರುವುದು ಸಾಲಗಳ ಮಾತು. ವಿಮೋಚನೆ ಎಂಬ ಪದವೂ ದಾಸರನ್ನು ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದ ಸಂತೆಯಿಂದ ಬಂದದ್ದು. ಕ್ರಿಸ್ತನ ಮರಣವನ್ನು ಕುರಿತು ಹೇಳುವಾಗ ಕನ್ನಡ ಬೈಬಲಿನಲ್ಲಿ ‘ಈಡು’ ಎಂಬ ಮಾತು ಬರುತ್ತದೆ. ಸಾಲಕ್ಕೆ ಮನುಷ್ಯನನ್ನೇ ಈಡಿಟ್ಟ ಊರುಗಳಲ್ಲಿ ಕೆಲಸ ಮಾಡಿದ ನನಗೆ ಆ ಪದದ ಮುಂದೆ ಇಂದಿಗೂ ಓದು ನಿಲ್ಲುತ್ತದೆ. ದೇವರು ಸಾಲಗಾರನ ಜಾಗದಲ್ಲಿ ತಾನೇ ನಿಂತ ಎಂಬುದು ಕ್ರೈಸ್ತರ ನಂಬಿಕೆಯ ತಿರುಳು. ಅದನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಒಪ್ಪಿದವರ ಬದುಕಿನಲ್ಲಿ ಅದರಿಂದ ಏನಾಗಬೇಕು ಎಂಬುದು ನನ್ನ ಪ್ರಶ್ನೆ.

ಆಗಬೇಕಾದದ್ದು ಮೊದಲಿಗೆ ಬಿಡುಗಡೆ. ಯಾವುದರಿಂದ? ದೇವರ ಮುಂದೆ ಅರ್ಹತೆ ಸಂಪಾದಿಸಬೇಕೆಂಬ ಚಿಂತೆಯಿಂದ. ನನ್ನಂಥ ಅಧಿಕಾರಿಗಳಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ನಮ್ಮ ಬದುಕೆಲ್ಲ ಗೌಪ್ಯ ವರದಿ, ಜ್ಯೇಷ್ಠತಾ ಪಟ್ಟಿ, ಬಡ್ತಿಗಳ ಲೆಕ್ಕದಲ್ಲೇ ಕಳೆಯುತ್ತದೆ. ದೇವರನ್ನೂ ಒಬ್ಬ ಮೇಲಧಿಕಾರಿಯೆಂದೇ ಭಾವಿಸುತ್ತೇವೆ. ಪುಣ್ಯದ ಬಾಬ್ತು ಇಷ್ಟು, ಪಾಪದ ಬಾಬ್ತು ಇಷ್ಟು, ನಿವ್ವಳ ಇಷ್ಟು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಜಗಳಕ್ಕಿಳಿಯುವುದು ಈ ನಿವ್ವಳದ ಲೆಕ್ಕದೊಂದಿಗೆ. ಪ್ರೀತಿಯನ್ನು ಗಳಿಸಬೇಕಾಗಿಲ್ಲ, ಅದು ಆಗಲೇ ಕೊಡಲ್ಪಟ್ಟಿದೆ ಎಂಬುದು ಅವನ ವಾದ. ಆ ಹಳ್ಳಿಯಿಂದ ಹಿಂದಿರುಗುವಾಗ ಜೀಪಿನಲ್ಲಿ ಕುಳಿತು ನಾನು ಅನುಭವಿಸಿದ್ದು ಇದನ್ನೇ. ಹುಡುಗನ ಶಾಲೆಯ ಆ ವರ್ಷವನ್ನು ನಾನು ಯಾವ ನಾಣ್ಯದಲ್ಲೂ ತೀರಿಸಲಾರೆ. ಆದರೂ ತಂದೆ ಅದನ್ನು ನನ್ನ ಬೆನ್ನಿನಿಂದ ಇಳಿಸಿದ್ದ. ನನಗೆ ಅರ್ಹತೆಯಿರಲಿಲ್ಲ. ಅದಕ್ಕೇ ಅದರ ಹೆಸರು ಕೃಪೆ.

ಕೃಪೆ ಎಂಬ ಈ ಪದದ ಬಗ್ಗೆಯೂ ಎರಡು ಮಾತು ಹೇಳಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಈ ಪದವನ್ನು ಹಡಗಿನಲ್ಲಿ ತರಲಿಲ್ಲ. ಅವರು ಬರುವುದಕ್ಕೆ ಶತಮಾನಗಳ ಮೊದಲೇ ಶರಣರು ಮತ್ತು ಹರಿದಾಸರು ಕೃಪೆ, ಕರುಣೆ, ಪ್ರಸಾದಗಳನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ್ದರು. ಫರ್ಡಿನಂಡ್ ಕಿಟೆಲ್ ಅವರು 1894ರಲ್ಲಿ ಹೊರಬಂದ ನಿಘಂಟಿನಿಂದ ನಮಗೆಲ್ಲ ಪರಿಚಿತರು. ಅದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಅವರು ರಚಿಸಿದ್ದರು. ಹೊಸ ನಂಬಿಕೆಗೆ ಈ ನೆಲದ ಭಾಷೆಯೇ ಮನೆ ಕೊಟ್ಟಿತು. ಹಾಗಾಗಿ ಮಾದಪ್ಪನ ಭಕ್ತನೊಬ್ಬ ನನಗೆ ಕೃಪೆಯ ಅರ್ಥ ಹೇಳಿಕೊಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕೃಪೆಗೆ ಯಾವ ಚರ್ಚೂ ಹಕ್ಕುಪತ್ರ ಪಡೆದುಕೊಂಡಿಲ್ಲ.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಆತ್ಮಕ್ಕೆ ಸಿಕ್ಕ ಬಿಡುಗಡೆ ಆತ್ಮದಲ್ಲೇ ಉಳಿದರೆ ಸಾಕೇ? ದೇವರಿಗೆ ಕೃತಜ್ಞನಾಗಿ ಹಾಡುತ್ತ, ಮಗ್ಗುಲಲ್ಲಿರುವವನ ಸಂಕೋಲೆಯನ್ನು ಹಾಗೇ ಬಿಡಬಹುದೇ? ಕ್ರೈಸ್ತ ಚರಿತ್ರೆಯನ್ನು ಪ್ರಾಮಾಣಿಕವಾಗಿ ಓದಿದರೆ, ಬಿಡಬಹುದು ಎಂದು ಬಹಳ ಜನ ಬಹಳ ಕಾಲ ನಂಬಿದ್ದರು ಎಂಬುದು ಕಾಣುತ್ತದೆ.

ಮಾರ್ಟಿನ್ ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ ಪುಟ್ಟ ಪುಸ್ತಕವೊಂದನ್ನು ಬರೆದರು. ವಿಶ್ವಾಸಿ ಯಾರ ಅಧೀನನೂ ಅಲ್ಲವೆಂದು ಸಾರಿ, ಅದೇ ಉಸಿರಿನಲ್ಲಿ ಅವನನ್ನು ಎಲ್ಲರ ಸೇವೆಗೆ ಒಪ್ಪಿಸುವ ವಿರೋಧಾಭಾಸ ಆ ಪುಸ್ತಕದ ಜೀವ. ಐದು ವರ್ಷಗಳ ನಂತರ, 1525ರಲ್ಲಿ, ದಕ್ಷಿಣ ಜರ್ಮನಿಯ ರೈತರು ಮೆಮ್ಮಿಂಗೆನ್ ಪಟ್ಟಣದಲ್ಲಿ ಹನ್ನೆರಡು ಬೇಡಿಕೆಗಳ ಪಟ್ಟಿ ಸಿದ್ಧಪಡಿಸಿದರು. ಮೂರನೆಯ ಬೇಡಿಕೆ ಜೀತದಿಂದ ಬಿಡುಗಡೆ. ಕ್ರಿಸ್ತ ತನ್ನ ರಕ್ತದಿಂದ ಕುರುಬನನ್ನೂ ದೊರೆಯನ್ನೂ ಸಮನಾಗಿ ಕೊಂಡಿರುವಾಗ ನಮ್ಮನ್ನು ಸೊತ್ತೆಂದು ಭಾವಿಸುವುದು ಹೇಗೆ ಎಂಬುದು ಅವರ ಸರಳ ತರ್ಕ. ಲೂಥರ್ ಒಪ್ಪಲಿಲ್ಲ. ಆತ್ಮದ ಸ್ವಾತಂತ್ರ್ಯವನ್ನು ದೇಹಕ್ಕೆ ಅನ್ವಯಿಸಿದ್ದೀರೆಂದು ಅವರನ್ನೇ ಜರೆದರು. ಮುಂದೆ ದಂಗೆಯೆದ್ದ ರೈತರನ್ನು ಅರಸರು ನಿರ್ದಯವಾಗಿ ಹತ್ತಿಕ್ಕಿದಾಗ ಅರಸರ ಪಕ್ಷದಲ್ಲಿ ನಿಂತರು. ಲೂಥರರ ಪಂಥದ ಋಣದಲ್ಲೇ ಹುಟ್ಟಿ ಬೆಳೆದ ನನಗೆ ಇದನ್ನು ಬರೆಯುವುದು ಸುಖದ ಕೆಲಸವಲ್ಲ. ಆದರೆ ಆ ವಾದದಲ್ಲಿ ಪುಸ್ತಕವನ್ನು ಸರಿಯಾಗಿ ಓದಿದವರು ಪಂಡಿತರಲ್ಲ, ರೈತರು.

ಜಾನ್ ನ್ಯೂಟನ್ ಅವರ ಕಥೆ ಇನ್ನೂ ಹತ್ತಿರದ್ದು. ‘ಅಮೇಜಿಂಗ್ ಗ್ರೇಸ್’ ಎಂಬ ಜಗತ್ಪ್ರಸಿದ್ಧ ಗೀತೆ ಅವರದು. ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ 1773ರ ಹೊಸ ವರ್ಷದ ದಿನದ ಆರಾಧನೆಗಾಗಿ ಬರೆದದ್ದು. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನ ಬಿರುಗಾಳಿಗೆ ಸಿಲುಕಿ, ದೇವರ ಕಡೆಗೆ ತಿರುಗಿ, ಆ ವ್ಯಾಪಾರವನ್ನು ಬಿಟ್ಟ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಜ ಅಷ್ಟು ಅಂದವಾಗಿಲ್ಲ. ಬಿರುಗಾಳಿ ಬೀಸಿದ್ದು 1748ರಲ್ಲಿ. ಅದಾದ ಮೇಲೆಯೇ ಅವರು ಗುಲಾಮರ ಹಡಗಿನ ಕಪ್ತಾನರಾದದ್ದು. 1754ರಲ್ಲಿ ಸಮುದ್ರಯಾನ ನಿಲ್ಲಿಸಿದ್ದಕ್ಕೆ ಅನಾರೋಗ್ಯ ಕಾರಣ, ಆತ್ಮಸಾಕ್ಷಿಯಲ್ಲ. ಮೇಲಿನ ಕೋಣೆಯಲ್ಲಿ ಪ್ರಾರ್ಥನೆ, ಕೆಳಗಿನ ಅಟ್ಟದಲ್ಲಿ ಸರಪಳಿ ಬಿಗಿದ ಮನುಷ್ಯರು! ಆ ವ್ಯಾಪಾರದಲ್ಲಿ ತಾನು ಕಂಡದ್ದನ್ನು, ಮಾಡಿದ್ದನ್ನು ಅವರು ಪಶ್ಚಾತ್ತಾಪದಿಂದ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಅಂದರೆ ಕೃಪೆ ದೊರೆತದ್ದಕ್ಕೂ ಕೃಪೆಯ ಅರ್ಥ ಕೈಗಿಳಿದದ್ದಕ್ಕೂ ನಡುವೆ ನಲವತ್ತು ವರ್ಷ. ನನ್ನ ಹದಿನಾಲ್ಕು ತಿಂಗಳ ನೆನಪಾದಾಗಲೆಲ್ಲ ನಾನು ನ್ಯೂಟನ್ ಅವರನ್ನು ನೆನೆಯುತ್ತೇನೆ. ಸಮಾಧಾನಕ್ಕಾಗಿ ಅಲ್ಲ, ಎಚ್ಚರಿಕೆಗಾಗಿ. ಆದರೂ ಅವರು ಆ ಪುಸ್ತಿಕೆಯನ್ನು ಬರೆದರು, ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಅವರ ಬೆನ್ನಿಗೆ ನಿಂತರು. 1807ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದನ್ನು ಕಂಡು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅದೇ 1807ರಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರ ಬೈಬಲ್ ಅಚ್ಚಾಯಿತು. ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗೆಂದು ಆಯ್ದ ಭಾಗಗಳ ಬೈಬಲ್ ಅದು. ಮೋಶೆ ತನ್ನ ಜನರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಹೋದ ಕಥೆ ಅದರಲ್ಲಿಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಪೌಲ ಹೇಳುವ ಭಾಗವೂ ಇಲ್ಲ. ಅದರ ಒಂದು ಪ್ರತಿ ಅಮೆರಿಕದ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದೆ. ಆತ್ಮದ ಬಿಡುಗಡೆ ಆತ್ಮದಲ್ಲೇ ಉಳಿಯಬೇಕಾದರೆ ಬೈಬಲಿಗೆ ಕತ್ತರಿ ಹಾಕಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಇತ್ತ ಅಮೆರಿಕದ ಹತ್ತಿಯ ಹೊಲಗಳಲ್ಲಿ ಅಕ್ಷರ ಕಲಿಯುವುದಕ್ಕೂ ಅನುಮತಿಯಿಲ್ಲದಿದ್ದ ಗುಲಾಮರು, ಕತ್ತರಿಸಿ ಎಸೆದ ಆ ಮೋಶೆಯ ಕಥೆಯನ್ನೇ ಹಾಡಾಗಿ ಕಟ್ಟಿ ಹಾಡಿದರು. ಅವರ ಒಡೆಯರು ಓದಿದ್ದೂ ಅದೇ ಗ್ರಂಥ, ಸ್ತುತಿಸಿದ್ದೂ ಅದೇ ದೇವರನ್ನು. ಒಡೆಯರ ಸ್ತುತಿಯಲ್ಲಿ ಕೃತಜ್ಞತೆಯ ಮಾತಿತ್ತು, ಕೃತಜ್ಞತೆ ಇರಲಿಲ್ಲ.

ಕೃತಜ್ಞ ಎಂದರೆ ಮಾಡಿದ್ದನ್ನು ಅರಿತವನು. ಅದು ಭಾವುಕತೆಯಲ್ಲ, ತಿಳಿವಳಿಕೆ. ಮಾಡಿದ್ದನ್ನು ಕೊಂದವನು ಕೃತಘ್ನ. ಹತ್ತು ಸಾವಿರ ತಲಾಂತು ಮನ್ನಾ ಮಾಡಿಸಿಕೊಂಡ ಸೇವಕ ಅರಮನೆಯಲ್ಲಿ ಅರಸನನ್ನು ಬಾಯಿತುಂಬ ಹೊಗಳಿಯೇ ಹೊರಬಂದಿರಬೇಕು. ಅವನ ಕೃತಘ್ನತೆ ಬಯಲಾದದ್ದು ಅರಸನ ಮುಂದೆ ಅಲ್ಲ, ಬೀದಿಯಲ್ಲಿ, ನೂರು ದಿನಾರಿಯ ಸಾಲಗಾರ ಎದುರಾದಾಗ.

ಅರ್ಥಶಾಸ್ತ್ರದ ಪಾಠದಲ್ಲಿ ಪ್ರತಿಯೊಂದು ಪಾವತಿಗೂ ಪ್ರತಿಫಲವಿರುತ್ತದೆ. ಉಡುಗೊರೆಗೂ ಮರುಉಡುಗೊರೆಯ ಒತ್ತಾಯವಿರುತ್ತದೆ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಸುಮಾರು ನೂರು ವರ್ಷಗಳ ಹಿಂದೆ ತೋರಿಸಿಕೊಟ್ಟರು. ನಮ್ಮ ಮದುವೆಗಳ ಮುಯ್ಯಿಯ ಪುಸ್ತಕ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ದೇವರ ಪ್ರೀತಿಗೆ ಮುಯ್ಯಿ ತೀರಿಸುವುದು ಹೇಗೆ? ಅವನಿಗೆ ನಮ್ಮಿಂದ ಆಗಬೇಕಾದದ್ದೇನೂ ಇಲ್ಲ. ಮೇಲಕ್ಕೆ ತೀರಿಸಲಾಗದ ಈ ಋಣಕ್ಕೆ ಉಳಿದಿರುವುದು ಒಂದೇ ದಾರಿ; ಅದು ಪಕ್ಕಕ್ಕೆ ಹರಿಯಬೇಕು. ಪಕ್ಕದ ಊರಿನ ಇನ್ನಿಬ್ಬರ ಕಾಗದವನ್ನು ಬೇಗ ಮಾಡಿಕೊಡಿ ಎಂದಾಗ ಆ ಮನುಷ್ಯ ಹೇಳಿದ್ದು ಇದನ್ನೇ. ನನ್ನ ಸಾಲವನ್ನು ಅವನು ಮನ್ನಾ ಮಾಡಿದ. ಮನ್ನಾ ಆದ ಸಾಲದ ಋಣವನ್ನು ಯಾರಿಗೆ ಸಂದಾಯ ಮಾಡಬೇಕೆಂಬ ವಿಳಾಸವನ್ನೂ ಕೊಟ್ಟ.

ಇದು ವ್ಯಕ್ತಿಗಳ ನಡುವಿನ ಮಾತಷ್ಟೇ ಅಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಐವತ್ತನೆಯ ವರ್ಷವನ್ನು ಬಿಡುಗಡೆಯ ವರ್ಷವಾಗಿ ಆಚರಿಸುವ ವಿಧಿಯಿದೆ. ಕಷ್ಟಕ್ಕೆ ಮಾರಿದ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು. ಸಾಲಕ್ಕಾಗಿ ತನ್ನನ್ನೇ ಮಾರಿಕೊಂಡ ಇಸ್ರಾಯೇಲ್ಯ ಮನೆಗೆ ಹೋಗಬೇಕು. ಅದಕ್ಕೆ ಕೊಟ್ಟಿರುವ ಕಾರಣ ಗಮನಾರ್ಹ: ನಿಮ್ಮನ್ನು ಈಜಿಪ್ಟಿನಿಂದ ಬಿಡಿಸಿದವನು ನಾನು ಎಂದು ದೇವರು ನೆನಪಿಸುತ್ತಾನೆ. ಈ ಪ್ರಾಚೀನ ಕಲ್ಪನೆಯನ್ನು 1990ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ವೃದ್ಧರು, ಅಧ್ಯಾಪಕರಾಗಿದ್ದ ಮಾರ್ಟಿನ್ ಡೆಂಟ್ ಮತ್ತು ನಿವೃತ್ತ ರಾಜತಾಂತ್ರಿಕ ಬಿಲ್ ಪೀಟರ್ಸ್, ಬಡ ರಾಷ್ಟ್ರಗಳ ಸಾಲಮನ್ನಾ ಚಳವಳಿಯಾಗಿ ಮಾರ್ಪಡಿಸಿದರು. 1998ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರು ಸಭೆ ಸೇರಿದ್ದಾಗ ಸುಮಾರು 70,000 ಜನ ಕೈಕೈ ಹಿಡಿದು ಮಾನವ ಸರಪಳಿ ರಚಿಸಿದರು. ಮರುವರ್ಷ ಕಲೋನ್ ಶೃಂಗಸಭೆಯಲ್ಲಿ ಸಾಲ ಪರಿಹಾರದ ಯೋಜನೆ ವಿಸ್ತರಣೆಯಾಯಿತು. ಆ ಯೋಜನೆಯ ಷರತ್ತುಗಳ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯಗಳಿವೆ, ನನಗೂ ಇವೆ. ಆದರೆ ನಿವೃತ್ತಿಯ ನಂತರವೂ ಇಂಥ ಕೆಲಸಕ್ಕೆ ಕೈಹಾಕಬಹುದೆಂಬುದು ನನ್ನಂಥವರಿಗೆ ಪಾಠ.

ಮನೆಯ ಕಡೆಗೆ ತಿರುಗೋಣ. ಮೊದಲು ನನ್ನ ಮನೆ. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಸಾರುವ ಭಾರತದ ಚರ್ಚುಗಳಲ್ಲಿ ಜಾತಿಯ ಬೇಲಿಗಳು ಇನ್ನೂ ಬಿದ್ದಿಲ್ಲ. ದಲಿತ ಕ್ರೈಸ್ತರಿಗೆ ಪ್ರತ್ಯೇಕ ಸ್ಮಶಾನದ ಪಾಲು ಕೊಟ್ಟ ಊರುಗಳು ದಕ್ಷಿಣ ಭಾರತದಲ್ಲಿವೆ. ಮದುವೆಯ ಮಾತುಕತೆಯಲ್ಲಿ ಮೂಲ ಕುಲ ಕೇಳುವ ಕುಟುಂಬಗಳು ನನ್ನ ಬಂಧುವರ್ಗದಲ್ಲೇ ಇವೆ. ಹಾಗಿರುವಾಗ ನಮ್ಮ ಕೃತಜ್ಞತಾ ಸ್ತೋತ್ರಗಳು ಅರಮನೆಯಲ್ಲಿ ಆ ಸೇವಕ ಹಾಡಿದ ಹೊಗಳಿಕೆಗಿಂತ ಹೇಗೆ ಭಿನ್ನ? ಅಲ್ಪಸಂಖ್ಯಾತರಾಗಿ ನಾವು ಸಂವಿಧಾನದ 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯವನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಬೇರೆಯವರು ನಮಗೆ ಕೊಡಬೇಕಾದ ಸ್ವಾತಂತ್ರ್ಯದ ಬಗ್ಗೆ ಮಾತನಾಡುವಷ್ಟೇ ದನಿಯೆತ್ತಿ, ನಾವು ನಮ್ಮವರಿಗೆ ಕೊಡದಿರುವ ಸ್ವಾತಂತ್ರ್ಯದ ಬಗ್ಗೆಯೂ ಮಾತನಾಡಿದಾಗಲೇ ನಮ್ಮ ಮಾತಿಗೆ ತೂಕ ಬರುತ್ತದೆ.

ಅನಂತರ ನಮ್ಮೆಲ್ಲರ ಮನೆ. ಜೀತ ಮುಗಿದ ಅಧ್ಯಾಯವೆಂದು ನಗರದ ವಿದ್ಯಾವಂತರು ಭಾವಿಸಿದ್ದಾರೆ. ಮುಗಿದಿದ್ದರೆ ಕೇಂದ್ರ ಸರ್ಕಾರ 2016ರಲ್ಲಿ ಪುನರ್ವಸತಿ ಯೋಜನೆಯನ್ನು ಪರಿಷ್ಕರಿಸಿ, ನೆರವನ್ನು ಒಂದು ಲಕ್ಷದಿಂದ ಮೂರು ಲಕ್ಷ ರೂಪಾಯಿವರೆಗೆ ಏರಿಸುವ ಅಗತ್ಯ ಬೀಳುತ್ತಿರಲಿಲ್ಲ. ಇಟ್ಟಿಗೆ ಭಟ್ಟಿಗಳಲ್ಲಿ, ಕಲ್ಲುಕೋರೆಗಳಲ್ಲಿ ಅದು ಮುಂಗಡ ಎಂಬ ಸಭ್ಯ ಹೆಸರಿನಲ್ಲಿ ಮುಂದುವರಿದಿದೆ. ಆ ಇಟ್ಟಿಗೆ, ಆ ಕಲ್ಲು ನಮ್ಮ ಅಪಾರ್ಟ್‌ಮೆಂಟುಗಳ ಗೋಡೆಗಳಲ್ಲೂ ಇರಬಹುದು. ಮನೆಗೆಲಸದ ಹೆಣ್ಣುಮಗಳು ಮಗಳ ಶಾಲಾ ಶುಲ್ಕಕ್ಕೋ ಗಂಡನ ಆಸ್ಪತ್ರೆಯ ಖರ್ಚಿಗೋ ಪಡೆದ ಮುಂಗಡವನ್ನು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುವಾಗ, ಅವಳು ಬೇರೆ ಮನೆಗೆ ಹೋಗದಂತೆ ಅದನ್ನೇ ಹಗ್ಗ ಮಾಡಿಕೊಳ್ಳುವುದೂ ಉಂಟು. ಅದು ಕಾಯ್ದೆಯ ವ್ಯಾಖ್ಯೆಗೆ ಒಳಪಡುತ್ತದೋ ಇಲ್ಲವೋ ವಕೀಲರು ಹೇಳಲಿ. ಸಾಮ್ಯದ ವ್ಯಾಖ್ಯೆಗಂತೂ ಒಳಪಡುತ್ತದೆ. ಆ ಮೊತ್ತ ಹೆಚ್ಚೂಕಡಿಮೆ ನೂರು ದಿನಾರಿಯೇ.

ಎಲ್ಲರೂ ಎಲ್ಲ ಸಾಲವನ್ನೂ ಮನ್ನಾ ಮಾಡಿದರೆ ಅರ್ಥವ್ಯವಸ್ಥೆ ನಡೆಯುವುದು ಹೇಗೆ ಎಂದು ಸ್ನೇಹಿತರೊಬ್ಬರು ಕೇಳಿದ್ದರು. ನಡೆಯುವುದಿಲ್ಲ, ನಿಜ. ಸಾಲ ಕೊಟ್ಟವನಿಗೂ ಸಂಸಾರವಿರುತ್ತದೆ. ನಾನು ಹೇಳುತ್ತಿರುವುದು ಬ್ಯಾಂಕಿಂಗ್ ನೀತಿಯಲ್ಲ. ಸಾಲ ಎಂಬುದು ಹಣದ ಮೇಲಿನ ಹಕ್ಕಾಗಿರುವವರೆಗೆ ವ್ಯವಹಾರ. ಮನುಷ್ಯನ ಮೇಲಿನ ಹಕ್ಕಾದ ಕೂಡಲೇ ದಾಸ್ಯ. ಈ ಗೆರೆ ಎಲ್ಲಿದೆಯೆಂದು ತನ್ನ ಸಾಲವೂ ಒಮ್ಮೆ ಮನ್ನಾ ಆಗಿದೆ ಎಂದು ಅರಿತವನಿಗೆ ಬೇಗ ಕಾಣುತ್ತದೆ. ಉಳಿದವರಿಗೆ ಅದನ್ನು ಕಾಣಿಸುವ ಸಲುವಾಗಿ ಕಾಯ್ದೆ ಬೇಕಾಗುತ್ತದೆ, ಕಾಯ್ದೆಯನ್ನು ಓದಿಯೂ ಕಡತವನ್ನು ಹಿಂದಿರುಗಿಸದ ಅಧಿಕಾರಿಯೂ ಬೇಕಾಗುತ್ತದೆ.

ಪಕ್ಕದ ಊರಿನ ಆ ಇಬ್ಬರ ಬಿಡುಗಡೆ ಪತ್ರಗಳಿಗೆ ನಾನು ಆರು ವಾರಗಳಲ್ಲಿ ಸಹಿ ಹಾಕಿದೆ. ಆ ಉಪವಿಭಾಗದಿಂದ ವರ್ಗವಾಗುವವರೆಗೆ ಅಂಥ ಯಾವ ಕಡತವನ್ನೂ ದಾಖಲೆಯ ನೆಪದಲ್ಲಿ ಕೆಳಕ್ಕೆ ಕಳುಹಿಸಲಿಲ್ಲ. ಇದನ್ನು ಸಾಧನೆಯೆಂದು ಹೇಳುತ್ತಿಲ್ಲ. ಸಂಬಳ ಪಡೆದು ಮಾಡಬೇಕಾಗಿದ್ದ ಕೆಲಸವದು. ಹುಡುಗ ಶಾಲೆಗೆ ಹಿಂದಿರುಗಲಿಲ್ಲ. ಆ ವರ್ಷ ನನ್ನ ಲೆಕ್ಕದಲ್ಲಿ ಇಂದಿಗೂ ಹಾಗೇ ಇದೆ, ಮನ್ನಾ ಆದ ಸಾಲವಾಗಿ. ಪ್ರತಿ ಭಾನುವಾರ ಆರಾಧನೆಯಲ್ಲಿ ಕೃತಜ್ಞತೆಯ ಪ್ರಾರ್ಥನೆಯ ಹೊತ್ತಿಗೆ ನಾನು ದೇವರಿಗೆ ವಂದನೆ ಹೇಳುತ್ತೇನೆ. ಕ್ಷಮಿಸಿದ್ದಕ್ಕಾಗಿ, ಹೊರೆ ಇಳಿಸಿದ್ದಕ್ಕಾಗಿ, ಭಯವಿಲ್ಲದೆ ಅವನ ಮುಂದೆ ನಿಲ್ಲುವ ಬಿಡುಗಡೆ ಕೊಟ್ಟದ್ದಕ್ಕಾಗಿ. ಆ ವಂದನೆ ಮುಗಿಯುವಷ್ಟರಲ್ಲಿ ಮಾದಪ್ಪನ ಭಕ್ತನ ದನಿ ಕಿವಿಯಲ್ಲಿ ಕೇಳುತ್ತದೆ, ಇನ್ನಿಬ್ಬರಿದ್ದಾರೆ ಎಂದು. ಯಾವಾಗಲೂ ಇನ್ನಿಬ್ಬರಿರುತ್ತಾರೆ.